ಹಸಿರು ಇಂಧನಕ್ಕೆ ಗಣಿ ಬೇಕು, ಊರಿನವರ ಮಾತು ಯಾಕೆ ಬೇಡ?

2025ರ ಸೆಪ್ಟೆಂಬರ್ 8ರಂದು ಕೇಂದ್ರ ಪರಿಸರ ಸಚಿವಾಲಯ ಒಂದು ಕಚೇರಿ ಜ್ಞಾಪನ ಹೊರಡಿಸಿತು. ಪರಮಾಣು ಖನಿಜಗಳ ಗಣಿಗೆ ಮತ್ತು ಸರ್ಕಾರ ‘ನಿರ್ಣಾಯಕ’ ಎಂದು ಪಟ್ಟಿ ಮಾಡಿರುವ ಖನಿಜಗಳ ಗಣಿಗೆ ಇನ್ನು ಸಾರ್ವಜನಿಕ ಅಹವಾಲು ಸಭೆ ಬೇಕಾಗಿಲ್ಲ ಅನ್ನುವುದು ಅದರ ಸಾರ. ಲಿಥಿಯಂ, ಕೋಬಾಲ್ಟ್, ನಿಕಲ್, ಗ್ರಾಫೈಟ್ ಎಲ್ಲವೂ ಆ ಪಟ್ಟಿಯಲ್ಲಿವೆ. ಪರಿಸರ ಸಂಘಟನೆಗಳು ಕೂಡಲೇ ವಿರೋಧಿಸಿದವು.

ಓದಿದವರಿಗೆ ಗೊಂದಲ ಆಗುವುದು ಸಹಜ. ಕಲ್ಲಿದ್ದಲು ಬಿಡಿ, ಸೋಲಾರ್ ಹಾಕಿ, ಎಲೆಕ್ಟ್ರಿಕ್ ಗಾಡಿ ತನ್ನಿ ಅಂದವರು ಇದೇ ಪರಿಸರವಾದಿಗಳು ಅಲ್ವಾ? ಆ ಬ್ಯಾಟರಿಗೆ ಬೇಕಾದ ಖನಿಜ ತೆಗೆಯಲು ದಾರಿ ಸಲೀಸು ಮಾಡಿದರೆ ಅವರೇ ಯಾಕೆ ಅಡ್ಡ ಬರುತ್ತಾರೆ?

ಹೋರಾಟಗಾರರಲ್ಲಿ ಎಲ್ಲರೂ ಗಣಿ ಬೇಡ ಅನ್ನುವವರಲ್ಲ. ಯಾವ ಷರತ್ತಿನ ಮೇಲೆ, ಯಾರನ್ನು ಕೇಳಿ, ಯಾರ ನೀರು ಬಳಸಿ ಅಗೆಯುತ್ತೀರಿ ಅನ್ನುವುದು ಅವರಲ್ಲಿ ಬಹುಪಾಲು ಜನರ ಪ್ರಶ್ನೆ. ಆ ಪ್ರಶ್ನೆ ಕೇಳಲು ಇದ್ದ ಒಂದು ಜಾಗವನ್ನೇ ಈ ಜ್ಞಾಪನ ತೆಗೆದುಹಾಕಿದೆ.

ಇಷ್ಟು ಅವಸರ ಯಾಕೆ

ಪೆಟ್ರೋಲ್ ಕಾರಿಗಿಂತ ಎಲೆಕ್ಟ್ರಿಕ್ ಕಾರಿಗೆ ಸುಮಾರು ಆರು ಪಟ್ಟು ಜಾಸ್ತಿ ಖನಿಜ ಬೇಕು ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2021ರಲ್ಲಿ ಲೆಕ್ಕ ಹಾಕಿತ್ತು. ಉಕ್ಕು, ಅಲ್ಯೂಮಿನಿಯಂ ಆ ಲೆಕ್ಕದಲ್ಲಿಲ್ಲ. ಬ್ಯಾಟರಿಗೆ ಲಿಥಿಯಂ, ನಿಕಲ್, ಕೋಬಾಲ್ಟ್, ಗ್ರಾಫೈಟ್ ಬೇಕು. ಮೋಟಾರಿನ ಆಯಸ್ಕಾಂತಕ್ಕೆ ವಿರಳ ಲೋಹಗಳು ಬೇಕು. ತಂತಿಗೆ ತಾಮ್ರ ಬೇಕು.

ಲಿಥಿಯಂ, ಕೋಬಾಲ್ಟ್, ನಿಕಲ್‌ಗೆ ಭಾರತ ಪೂರ್ತಿ ಆಮದನ್ನೇ ನಂಬಿದೆ. ಅದಿರು ಯಾವ ದೇಶದಲ್ಲೇ ಸಿಗಲಿ, ಅದನ್ನು ಶುದ್ಧ ಮಾಡುವ ಕೆಲಸದ ಬಹುಪಾಲು ಚೀನಾದ ಕೈಯಲ್ಲಿದೆ. 2025ರ ಏಪ್ರಿಲ್ 4ರಂದು ಚೀನಾ ಏಳು ವಿರಳ ಲೋಹಗಳ ರಫ್ತಿಗೆ ಕಡಿವಾಣ ಹಾಕಿತು. ಕೆಲವೇ ವಾರಗಳಲ್ಲಿ ನಮ್ಮ ವಾಹನ ಕಂಪನಿಗಳು ಆಯಸ್ಕಾಂತ ಸಿಗದೆ ಪರದಾಡತೊಡಗಿದವು. ಸರ್ಕಾರದ ಭಯ ಸುಳ್ಳಲ್ಲ.

ತಯಾರಿ ಅದಕ್ಕೂ ಮುಂಚೆಯೇ ಶುರುವಾಗಿತ್ತು. 2023ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ಬಂತು. ಲಿಥಿಯಂ ಸೇರಿ ಆರು ಖನಿಜಗಳನ್ನು ಪರಮಾಣು ಖನಿಜಗಳ ಪಟ್ಟಿಯಿಂದ ತೆಗೆದು ಖಾಸಗಿಯವರಿಗೂ ಬಾಗಿಲು ತೆರೆಯಲಾಯಿತು. 24 ಖನಿಜಗಳ ಹೊಸ ಪಟ್ಟಿ ಮಾಡಿ, ಅವುಗಳ ಹರಾಜನ್ನು ಕೇಂದ್ರ ತನ್ನ ಕೈಗೆ ತೆಗೆದುಕೊಂಡಿತು. 2025ರ ಜನವರಿಯಲ್ಲಿ 16,300 ಕೋಟಿ ರೂಪಾಯಿ ವೆಚ್ಚದ ರಾಷ್ಟ್ರೀಯ ನಿರ್ಣಾಯಕ ಖನಿಜ ಮಿಷನ್‌ಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಸೆಪ್ಟೆಂಬರ್‌ನ ಜ್ಞಾಪನ ಇದೇ ಸಾಲಿನ ಮುಂದಿನ ಹೆಜ್ಜೆ.

ಜ್ಞಾಪನದಲ್ಲಿ ಏನಿದೆ, ಏನಿಲ್ಲ

ದೊಡ್ಡ ಗಣಿಗೆ ಪರಿಸರ ಅನುಮತಿ ಸಿಗಬೇಕಾದರೆ 2006ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆಯ ಪ್ರಕಾರ ಜನರ ಅಭಿಪ್ರಾಯ ಕೇಳಬೇಕು. ಅದೇ ಅಧಿಸೂಚನೆಯಲ್ಲಿ ಒಂದು ವಿನಾಯಿತಿಯೂ ಇದೆ. ದೇಶದ ರಕ್ಷಣೆಗೆ ಸಂಬಂಧಿಸಿದ ಯೋಜನೆ, ಇಲ್ಲವೇ ‘ಆಯಕಟ್ಟಿನ’ ಮಹತ್ವದ್ದು ಎಂದು ಕೇಂದ್ರ ತೀರ್ಮಾನಿಸಿದ ಯೋಜನೆಗೆ ಜನರನ್ನು ಕೇಳಬೇಕಿಲ್ಲ. ರಕ್ಷಣಾ ಸಚಿವಾಲಯ ಮತ್ತು ಪರಮಾಣು ಶಕ್ತಿ ಇಲಾಖೆ ಕೇಳಿಕೊಂಡ ಮೇಲೆ ಪರಿಸರ ಸಚಿವಾಲಯ ಈ ವಿನಾಯಿತಿಯನ್ನು ಇಡೀ ಪಟ್ಟಿಗೇ ಹಬ್ಬಿಸಿತು.

ಉಳಿದಿರುವುದನ್ನೂ ಹೇಳಬೇಕು. ಪರಿಸರ ಪರಿಣಾಮದ ಅಧ್ಯಯನ ಈಗಲೂ ಕಡ್ಡಾಯ. ಗಣಿ ಚಿಕ್ಕದಿರಲಿ ದೊಡ್ಡದಿರಲಿ, ಕೇಂದ್ರದ ತಜ್ಞರ ಸಮಿತಿಯೇ ಪರಿಶೀಲಿಸುತ್ತದೆ. ಅರಣ್ಯ ಭೂಮಿಯಾದರೆ ಅರಣ್ಯ ಅನುಮತಿ ಬೇಕು, 2006ರ ಅರಣ್ಯ ಹಕ್ಕು ಕಾಯ್ದೆಯೂ ಜಾರಿಯಲ್ಲಿದೆ. ಹೋದದ್ದು ಜನರ ಪಾಲು. ಸಭೆಯೂ ಇಲ್ಲ, ಬರಹದಲ್ಲಿ ಆಕ್ಷೇಪ ಕಳಿಸುವ ಹಂತವೂ ಇಲ್ಲ.

ಪಟ್ಟಿಯನ್ನು ಸ್ವಲ್ಪ ನಿಧಾನವಾಗಿ ಓದಿದರೆ ಇನ್ನೊಂದು ವಿಷಯ ಕಾಣುತ್ತದೆ. ಅದರಲ್ಲಿ ಪೊಟ್ಯಾಷ್, ಗ್ಲಾಕೊನೈಟ್, ಫಾಸ್ಫೇಟ್ ಇವೆ. ಇವು ಮುಖ್ಯವಾಗಿ ಗೊಬ್ಬರಕ್ಕೆ ಬೇಕಾದವು. ಪರಮಾಣು ಖನಿಜಗಳ ಪಟ್ಟಿಯಲ್ಲಿ ಯುರೇನಿಯಂ ಇದೆ, ಕರಾವಳಿಯ ಮರಳಿನಲ್ಲಿ ಸಿಗುವ ಮೊನಜೈಟ್ ಇದೆ. ಗೊಬ್ಬರದ ಖನಿಜ ತೆಗೆಯುವ ಗಣಿಗೆ ದೇಶದ ರಕ್ಷಣೆಯ ಹೆಸರಿನಲ್ಲಿ ಊರಿನವರ ಬಾಯಿ ಕಟ್ಟುವುದು ಯಾಕೆ ಅನ್ನುವುದಕ್ಕೆ ಸರಿಯಾದ ಉತ್ತರ ಬಂದಿಲ್ಲ. ‘ಹಸಿರು ಇಂಧನಕ್ಕಾಗಿ’ ಅನ್ನುವ ಸಮರ್ಥನೆ ಈ ಪಟ್ಟಿಯ ಒಂದು ಭಾಗಕ್ಕಷ್ಟೇ ಒಪ್ಪುತ್ತದೆ.

ಅಹವಾಲು ಸಭೆಯಲ್ಲಿ ನಡೆಯುವುದೇನು

ಇದನ್ನು ಸುಮ್ನೆ ಒಂದು ಶಾಸ್ತ್ರ ಅಂದುಕೊಂಡವರು ಬಹಳ ಜನ. ನಿಯಮ ಏನು ಹೇಳುತ್ತದೆ ನೋಡಿ. ಸಭೆಗೆ ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಅಧ್ಯಯನದ ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿಯಂಥ ಕಡೆ ನೋಡಲು ಸಿಗಬೇಕು. ಅದರ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ಗಣಿ ಬರುವ ಜಾಗದಲ್ಲೋ ಅದರ ಹತ್ತಿರದಲ್ಲೋ ಮಾಲಿನ್ಯ ನಿಯಂತ್ರಣ ಮಂಡಳಿ ಸಭೆ ಏರ್ಪಡಿಸುತ್ತದೆ. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿ ಮಟ್ಟದವರು ಮೇಲ್ವಿಚಾರಣೆಗೆ ಕೂರುತ್ತಾರೆ. ಇಷ್ಟೇ ಜನ ಬರಬೇಕೆಂಬ ಕೋರಂ ಇಲ್ಲ.

ಶಾಮಿಯಾನದ ಕೆಳಗೆ ಕಂಪನಿಯವರು ಮೊದಲು ಯೋಜನೆ ವಿವರಿಸುತ್ತಾರೆ. ಆಮೇಲೆ ಮೈಕು ಊರಿನವರ ಕೈಗೆ ಬರುತ್ತದೆ. ನಮ್ಮ ಬೋರ್‌ವೆಲ್ ಎಷ್ಟು ಅಡಿಗೆ ಇಳಿಯುತ್ತದೆ? ಲಾರಿ ಶಾಲೆಯ ಮುಂದೆ ಹೋಗುತ್ತದಾ, ಊರ ಹೊರಗೆ ಹೋಗುತ್ತದಾ? ಗೋಮಾಳ ಹೋದರೆ ದನ ಎಲ್ಲಿಗೆ ಹೊಡೆಯೋಣ? ಎಲ್ಲವೂ ವಿಡಿಯೊ ಆಗುತ್ತದೆ. ನಡಾವಳಿಯನ್ನು ಅದೇ ದಿನ ಸ್ಥಳೀಯ ಭಾಷೆಯಲ್ಲಿ ಎಲ್ಲರ ಮುಂದೆ ಓದಿ ಸಹಿ ಹಾಕಬೇಕು. ಪ್ರತಿ ಆಕ್ಷೇಪಕ್ಕೂ ಕಂಪನಿ ಉತ್ತರ ಕೊಟ್ಟು, ಅದನ್ನು ಅಂತಿಮ ವರದಿಗೆ ಸೇರಿಸಬೇಕು.

ಇದು ಮತದಾನ ಅಲ್ಲ. ಊರೆಲ್ಲಾ ಬೇಡ ಅಂದರೂ ಅನುಮತಿ ಕೊಡಬಹುದು, ಕೊಟ್ಟಿದ್ದಾರೆ ಕೂಡ. ಆದರೂ ಈ ಸಭೆಯ ಬೆಲೆ ದೊಡ್ಡದು. ಸಲಹಾ ಸಂಸ್ಥೆಯೊಂದು ಬರೆದ ವರದಿಯಲ್ಲಿ ‘ಇಲ್ಲಿ ನೀರಿನ ಮೂಲ ಇಲ್ಲ’ ಎಂದಿದ್ದರೆ, ಇದೆ ಎಂದು ದಾಖಲೆಗೆ ಹಾಕಿಸಲು ಊರಿನವರಿಗೆ ಇರುವ ಮುಖ್ಯ ಅಧಿಕೃತ ಅವಕಾಶ ಇದೇ. ಮುಂದೆ ನ್ಯಾಯಾಲಯಕ್ಕೆ ಹೋದಾಗ ಕೆಲಸಕ್ಕೆ ಬರುವುದೂ ಇದೇ ನಡಾವಳಿ. ದಿಲ್ಲಿಯಲ್ಲಿ ಕೂತ ತಜ್ಞರ ಸಮಿತಿಗೆ ಊರ ಹಳ್ಳದ ಹೆಸರು ಗೊತ್ತಾಗುವುದೂ ಇದರಿಂದಲೇ.

ಹೋರಾಟಗಾರರ ಬೇಡಿಕೆ

ಈ ಚರ್ಚೆ ಭಾರತದ್ದಷ್ಟೇ ಅಲ್ಲ. ಹಸಿರು ಇಂಧನಕ್ಕೆ ಬೇಕಾದ ಖನಿಜಗಳ 5,097 ಯೋಜನೆಗಳನ್ನು ಪರಿಶೀಲಿಸಿದ 2022ರ ಅಧ್ಯಯನವೊಂದು, ಅವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮೂಲನಿವಾಸಿಗಳ ನೆಲದಲ್ಲಿ ಅಥವಾ ಅದರ ಹತ್ತಿರ ಇವೆ ಎಂದು ತೋರಿಸಿತು. ಅಂದರೆ ನಗರದ ಗಾಳಿ ಶುದ್ಧವಾಗುವ ಖರ್ಚು ಹೆಚ್ಚಾಗಿ ಬೀಳುವುದು ಬೆಟ್ಟ, ಕಾಡು, ಮರುಭೂಮಿಯ ಜನರ ಮೇಲೆ. 2024ರಲ್ಲಿ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ನೇಮಿಸಿದ ಸಮಿತಿ ಏಳು ತತ್ವಗಳನ್ನು ಮುಂದಿಟ್ಟಿತು. ಎಲ್ಲಕ್ಕೂ ಕೇಂದ್ರದಲ್ಲಿ ಮಾನವ ಹಕ್ಕು ಇರಬೇಕು ಅನ್ನುವುದು ಮೊದಲನೆಯದು.

ಬೇಡಿಕೆಗಳಲ್ಲಿ ಎಲ್ಲಕ್ಕಿಂತ ಮೊದಲು ಬರುವುದು ಒಪ್ಪಿಗೆ. ಒತ್ತಡ ಹಾಕದೆ, ಕೆಲಸ ಶುರುವಾಗುವ ಮುಂಚೆ, ಪೂರ್ತಿ ಮಾಹಿತಿ ಕೊಟ್ಟು ಪಡೆದ ಒಪ್ಪಿಗೆ. ಬೇಡ ಅನ್ನುವ ಹಕ್ಕೂ ಅದರೊಳಗೇ ಇರಬೇಕು. ಭಾರತದಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಒಡಿಶಾದ ನಿಯಮಗಿರಿ. ಬಾಕ್ಸೈಟ್ ಗಣಿ ಬೇಕೋ ಬೇಡವೋ ಗ್ರಾಮಸಭೆಗಳೇ ಹೇಳಲಿ ಎಂದು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 18ರಂದು ತೀರ್ಪು ಕೊಟ್ಟಿತು. ಕೇಳಿದ 12 ಗ್ರಾಮಸಭೆಗಳೂ ಬೇಡ ಅಂದವು. ಗಣಿ ನಿಂತಿತು.

ಆಮೇಲೆ ನೀರು. ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ ನೆಲದಡಿಯ ಉಪ್ಪುನೀರನ್ನು ಮೇಲೆತ್ತಿ, ವಿಶಾಲ ಹೊಂಡಗಳಲ್ಲಿ ವರ್ಷಕ್ಕೂ ಮೀರಿ ಬಿಸಿಲಿಗೆ ಒಣಗಿಸಿ ಲಿಥಿಯಂ ತೆಗೆಯುತ್ತಾರೆ. ಅಲ್ಲಿನ ಲಿಕನ್ ಅಂತಾಯ್ ಸಮುದಾಯದ ಭಯ ಏನೆಂದರೆ, ಉಪ್ಪುನೀರು ಇಳಿದಂತೆ ಅಂಚಿನ ಸಿಹಿನೀರೂ ಇಳಿಯುತ್ತದೆ. 2016ರಲ್ಲಿ ಒಂದು ಕಂಪನಿ ಮಾರಾಟದ ಶೇ 3.5ರಷ್ಟನ್ನು ಸಮುದಾಯದ ಮಂಡಳಿಗೆ ಕೊಡಲು ಒಪ್ಪಂದ ಮಾಡಿಕೊಂಡಿತು. ಈ ದುಡ್ಡಿನಿಂದ ನೀರು ವಾಪಸ್ ಬರುತ್ತದಾ ಅನ್ನುವ ಜಗಳ ಅದೇ ಸಮುದಾಯದೊಳಗೆ ಇವತ್ತಿಗೂ ಇದೆ.

ಇನ್ನೊಂದು ದೊಡ್ಡ ಚಿಂತೆ ಟೇಲಿಂಗ್ಸ್, ಅಂದರೆ ಅದಿರಿನಿಂದ ಬೇಕಾದದ್ದನ್ನು ತೆಗೆದ ಮೇಲೆ ಉಳಿಯುವ ಪುಡಿ ಮತ್ತು ಕೆಸರು. ಅದನ್ನು ಕಟ್ಟೆ ಕಟ್ಟಿ ನಿಲ್ಲಿಸಿರುತ್ತಾರೆ. 2019ರ ಜನವರಿ 25ರಂದು ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ ಕಬ್ಬಿಣದ ಗಣಿಯೊಂದರ ಇಂಥ ಕಟ್ಟೆ ಒಡೆದು 270 ಜನ ಸತ್ತರು. ಆಮೇಲೆ 2020ರಲ್ಲಿ ಇದಕ್ಕೊಂದು ಜಾಗತಿಕ ಮಾನದಂಡ ಬಂತು. ಹೋರಾಟಗಾರರಿಗೆ ಅದು ಸಾಲದು. ಕೆಳಗೆ ಜನವಸತಿ ಇದ್ದರೆ ಕಟ್ಟೆಯನ್ನೇ ಕಟ್ಟಬಾರದು ಅನ್ನುವುದು ಅವರ ನಿಲುವು. ನನಗೆ ಇದರಲ್ಲಿ ಅತಿ ಅನ್ನಿಸುವಂಥದ್ದು ಏನೂ ಕಾಣುವುದಿಲ್ಲ.

ಇದನ್ನೆಲ್ಲ ನೋಡಿಕೊಳ್ಳುವವರು ಯಾರು? ಕಂಪನಿಗಳು ತಾವೇ ಮಾಡಿಕೊಂಡ ಮಾನದಂಡಗಳ ಮೇಲೆ ಹೋರಾಟಗಾರರಿಗೆ ನಂಬಿಕೆ ಇಲ್ಲ. 2006ರಲ್ಲಿ ಹುಟ್ಟಿದ ‘ಇರ್ಮಾ’ ಎಂಬ ವ್ಯವಸ್ಥೆಯನ್ನು ಹಲವರು ಮೆಚ್ಚುತ್ತಾರೆ. ಅದರಲ್ಲಿ ಗಣಿ ಕಂಪನಿ, ಖನಿಜ ಕೊಳ್ಳುವ ಕಂಪನಿ, ಕಾರ್ಮಿಕ ಸಂಘ, ಸಂಘಟನೆಗಳು, ಗಣಿ ಪಕ್ಕದ ಸಮುದಾಯ, ಹಣ ಹೂಡುವವರು ಎಲ್ಲರಿಗೂ ಸಮಾನ ಅಧಿಕಾರ. ಹೊರಗಿನವರು ಬಂದು ತಪಾಸಣೆ ಮಾಡಿ ಅಂಕ ಕೊಡುತ್ತಾರೆ, ವರದಿ ಎಲ್ಲರಿಗೂ ಸಿಗುತ್ತದೆ. ಅಟಕಾಮಾದ ಲಿಥಿಯಂ ಕಂಪನಿಗಳೂ 2023ರಲ್ಲಿ ಈ ತಪಾಸಣೆಗೆ ಒಳಗಾದವು.

ಹೋರಾಟಗಾರರ ನಡುವೆಯೇ ಒಡಕು ಕಾಣುವುದು ಇಲ್ಲಿ. ಅಂಕಪಟ್ಟಿ ಇದ್ದರೆ ಕನಿಷ್ಠ ಪ್ರಶ್ನೆ ಕೇಳಲು ಒಂದು ಆಧಾರ ಸಿಗುತ್ತದೆ ಅನ್ನುತ್ತಾರೆ ಒಂದು ಗುಂಪಿನವರು. ‘ಜವಾಬ್ದಾರಿಯುತ ಗಣಿ’ ಅನ್ನುವುದೇ ಕಂಪನಿಗಳಿಗೆ ಮುಖ ತೊಳೆದುಕೊಳ್ಳಲು ಕೊಟ್ಟ ನೀರು ಅನ್ನುತ್ತಾರೆ ಇನ್ನೊಂದು ಗುಂಪಿನವರು. ಬೇಡಿಕೆಯನ್ನೇ ಇಳಿಸಿ, ದೊಡ್ಡ ಕಾರುಗಳ ಬದಲು ಬಸ್ಸು ಓಡಿಸಿ, ಹಳೆಯ ಬ್ಯಾಟರಿಯಿಂದ ಲೋಹ ತೆಗೆಯಿರಿ, ಆಮೇಲೆ ಹೊಸ ಗುಡ್ಡದ ಮಾತು ಎಂದು ಈ ಎರಡನೆಯವರು ಹೇಳುತ್ತಾರೆ. ನಮ್ಮ ಸರ್ಕಾರವೂ ಜ್ಞಾಪನಕ್ಕೆ ಐದು ದಿನ ಮುಂಚೆ, ಸೆಪ್ಟೆಂಬರ್ 3ರಂದು, ಮರುಬಳಕೆಗೆ 1,500 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಒಳ್ಳೆಯ ಕೆಲಸ. ಅದಕ್ಕೆ ಯಾವ ಊರಿನವರ ವಿರೋಧವೂ ಬಂದಿಲ್ಲ.

ಬಳ್ಳಾರಿ ಮತ್ತು ಕೆಜಿಎಫ್

ಷರತ್ತು ಹಾಕಿದರೆ ಗಣಿ ಉದ್ಯಮ ಮುಳುಗುತ್ತದೆ ಅನ್ನುವ ವಾದವನ್ನು ಪರೀಕ್ಷಿಸಲು ಕರ್ನಾಟಕದವರು ದೂರ ಹೋಗಬೇಕಾಗಿಲ್ಲ. ಬಳ್ಳಾರಿಯಲ್ಲಿ ಗುತ್ತಿಗೆಯ ಗಡಿ ಮೀರಿ ಅಗೆದರು, ಪರ್ಮಿಟ್ ಇಲ್ಲದೆ ಅದಿರು ಸಾಗಿಸಿದರು. ಸಂಡೂರಿನ ಹೊಲ, ಕೆರೆ, ಮನೆಯ ಮಾಡಿನ ಮೇಲೆಲ್ಲ ಕೆಂಪು ದೂಳು ಕೂತಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜುಲೈ ಕೊನೆಯಲ್ಲಿ ಲೋಕಾಯುಕ್ತ ವರದಿ ಬಂತು. ಅದರ ಬೆನ್ನಿಗೇ ಕೋರ್ಟ್ ಬಳ್ಳಾರಿಯ ಗಣಿ ನಿಲ್ಲಿಸಿತು. ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರಿನಲ್ಲೂ ನಿಂತಿತು.

ಆಗ ನಷ್ಟ ಆದದ್ದು ಅಕ್ರಮ ಮಾಡಿದವರಿಗಷ್ಟೇ ಅಲ್ಲ. ಅದಿರು ಸಾಲದೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಉತ್ಪಾದನೆ ಕುಸಿಯಿತು. ಲಾರಿ ಸಾಲ ಮಾಡಿದವರು ಕಂತು ಕಟ್ಟಲಾಗದೆ ಕೂತರು. ಆಮೇಲೆ ಅಕ್ರಮದ ಪ್ರಮಾಣ ನೋಡಿ ಗುತ್ತಿಗೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು, ‘ಸಿ’ ಅಂದರೆ ಅತಿ ಹೆಚ್ಚು ಅಕ್ರಮ. ನಿಯಮಗಿರಿ ತೀರ್ಪು ಬಂದ ದಿನವೇ, ಅಂದರೆ 2013ರ ಏಪ್ರಿಲ್ 18ರಂದೇ, ಸುಪ್ರೀಂ ಕೋರ್ಟ್ ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿತು. ಉಳಿದವರು ಕೆಡಿಸಿದ ನೆಲ ಸರಿಪಡಿಸುವ ಯೋಜನೆ ಕೊಟ್ಟು, ಉತ್ಪಾದನೆಗೆ ಮಿತಿ ಒಪ್ಪಿಕೊಂಡು ಮತ್ತೆ ಶುರುಮಾಡಿದರು. ಮೂರು ಜಿಲ್ಲೆಗಳಿಗೆ ಸೇರಿ ವರ್ಷಕ್ಕೆ 3 ಕೋಟಿ ಟನ್ ಇದ್ದ ಮಿತಿ 2022ರ ಹೊತ್ತಿಗೆ 5 ಕೋಟಿ ಟನ್ ಆಯಿತು. ಷರತ್ತು ಬಂದ ಮೇಲೆ ಗಣಿ ಸತ್ತಿಲ್ಲ. ಷರತ್ತು ಇಲ್ಲದಿದ್ದಾಗ ವರ್ಷಕ್ಕೂ ಮೀರಿ ಮಲಗಿತ್ತು.

ಗಣಿ ಮುಚ್ಚಿದ ಮೇಲೆ ಏನಾಗುತ್ತದೆ ಅನ್ನುವುದಕ್ಕೆ ಕೆಜಿಎಫ್ ನೋಡಬೇಕು. ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ನಿಂತಿತು. ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಮಿಕ್ಕ ಪುಡಿಯ ರಾಶಿಗಳು, ಅಂದರೆ ಸೈನೈಡ್ ಗುಡ್ಡಗಳು, ಅಲ್ಲೇ ಉಳಿದವು. ಜೋರು ಗಾಳಿ ಬಂದಾಗ ಆ ಬೂದುಬಣ್ಣದ ಪುಡಿ ಮನೆಯೊಳಗೆ ಬರುತ್ತದೆ, ಅಡುಗೆ ಪಾತ್ರೆಯ ಮೇಲೆ ಕೂರುತ್ತದೆ. ಆದ್ದರಿಂದಲೇ ಮುಚ್ಚುವ ಖರ್ಚನ್ನು ಗಣಿ ಶುರುವಾಗುವ ದಿನವೇ ತೆಗೆದಿಡಿ ಎಂದು ಹೋರಾಟಗಾರರು ಪಟ್ಟು ಹಿಡಿಯುವುದು. 2021ರ ತಿದ್ದುಪಡಿಯ ನಂತರ ದೊಡ್ಡ ಗಣಿಗಳು ಇದಕ್ಕೆ ಹೆಕ್ಟೇರಿಗೆ 5 ಲಕ್ಷ ರೂಪಾಯಿ ಭದ್ರತೆ ಇಡಬೇಕು. ಮೊದಲು 3 ಲಕ್ಷ ಇತ್ತು. ವಿಷದ ಪುಡಿಯ ಗುಡ್ಡ ಸರಿಪಡಿಸುವ ಕೆಲಸಕ್ಕೆ ಇದು ಎಲ್ಲಿಗೂ ಸಾಲದು.

ಸಭೆ ಬಿಟ್ಟರೆ ಸಮಯ ಉಳಿಯುತ್ತದಾ?

ಗಣಿ ಉದ್ಯಮದ ಮಾತಿನಲ್ಲೂ ಹುರುಳಿದೆ. ನಿಕ್ಷೇಪ ಪತ್ತೆಯಾದ ದಿನದಿಂದ ಉತ್ಪಾದನೆ ಶುರುವಾಗಲು ಪ್ರಪಂಚದಲ್ಲಿ ಸರಾಸರಿ 16 ವರ್ಷ ಹಿಡಿಯುತ್ತದೆ. ಹವಾಮಾನ ಅಷ್ಟು ದಿನ ಕಾಯುವುದಿಲ್ಲ. ಆದರೆ ಆ 16 ವರ್ಷದಲ್ಲಿ ಅಹವಾಲು ಸಭೆಯ ಪಾಲು ಎಷ್ಟು? ನಿಯಮದ ಪ್ರಕಾರ ಅರ್ಜಿ ಬಂದ 45 ದಿನದೊಳಗೆ ಅದು ಮುಗಿಯಬೇಕು.

ತಡ ಆಗುತ್ತಿರುವುದು ಬೇರೆ ಕಡೆ. 2023ರ ಫೆಬ್ರುವರಿಯಲ್ಲಿ ಜಮ್ಮು ಕಾಶ್ಮೀರದ ರಿಯಾಸಿಯಲ್ಲಿ 59 ಲಕ್ಷ ಟನ್ ಲಿಥಿಯಂ ಅದಿರು ಇದೆ ಎಂದು ದೊಡ್ಡ ಸುದ್ದಿಯಾಯಿತು. ಹರಾಜಿಗಿಟ್ಟಾಗ ಸಾಕಷ್ಟು ಬಿಡ್ಡುದಾರರೇ ಬರಲಿಲ್ಲ. ಆ ಮೊದಲ ಸುತ್ತಿನ 20 ಬ್ಲಾಕುಗಳಲ್ಲಿ 13ರ ಹರಾಜು ರದ್ದಾಯಿತು. ಶೋಧನೆ ಅರೆಬರೆ ಆಗಿರುವಾಗ ದುಡ್ಡು ಹಾಕಲು ಯಾರು ಬರುತ್ತಾರೆ? ಶುದ್ಧೀಕರಣದ ತಂತ್ರಜ್ಞಾನವೂ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಇವಕ್ಕೂ ಊರಿನವರ ಮೈಕಿಗೂ ಏನೇನೂ ಸಂಬಂಧ ಇಲ್ಲ.

ಜನರನ್ನು ಕೇಳದೆ ಹೊರಟರೆ ಏನಾಗುತ್ತದೆ ಅನ್ನುವುದಕ್ಕೆ ಮದುರೈ ಉದಾಹರಣೆ. ನಾಯಕ್ಕರ್‌ಪಟ್ಟಿ ಟಂಗ್‌ಸ್ಟನ್ ಬ್ಲಾಕ್ ಸುಮಾರು 2,015 ಹೆಕ್ಟೇರಿನದು. 2024ರ ನವೆಂಬರ್‌ನಲ್ಲಿ ಹಿಂದುಸ್ತಾನ್ ಜಿಂಕ್ ಅದನ್ನು ಹರಾಜಿನಲ್ಲಿ ಗೆದ್ದಿತು. ಆ ಬ್ಲಾಕಿನೊಳಗೆ ಅರಿಟ್ಟಾಪಟ್ಟಿ ಇದೆ. ಅಲ್ಲಿ ಜೈನ ಮುನಿಗಳ ಕಲ್ಲು ಹಾಸಿಗೆ, ತಮಿಳು ಬ್ರಾಹ್ಮಿ ಶಾಸನ, ಬಂಡೆ ಕೊರೆದು ಮಾಡಿದ ಶಿವನ ಗುಡಿ ಇವೆ. 2022ರಲ್ಲೇ ತಮಿಳುನಾಡು ಸರ್ಕಾರ ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸಿತ್ತು. ಊರಿನವರಿಗೆ ವಿಷಯ ಗೊತ್ತಾದದ್ದು ಹರಾಜು ಮುಗಿದ ಮೇಲೆ. ಡಿಸೆಂಬರ್ 9ರಂದು ವಿಧಾನಸಭೆ ವಿರೋಧದ ನಿರ್ಣಯ ಮಾಡಿತು. ಜನವರಿ 7ರಂದು ಸಾವಿರಾರು ರೈತರು ಮದುರೈಗೆ ಮೆರವಣಿಗೆ ಬಂದರು. ಜನವರಿ 23ರಂದು ಕೇಂದ್ರವೇ ಹರಾಜು ರದ್ದು ಮಾಡಿತು. ಹರಾಜಿಗೂ ಮುಂಚೆ ಊರಿನಲ್ಲಿ ಒಂದು ದಿನ ಕೂತು ಕೇಳಿದ್ದರೆ ಆ ಭಾಗವನ್ನು ನಕ್ಷೆಯಿಂದ ಆಗಲೇ ಬಿಡಬಹುದಿತ್ತು. ಕಂಪನಿಗೂ ನಷ್ಟ ಆಗುತ್ತಿರಲಿಲ್ಲ.

ಸಭೆ ತೆಗೆದರೆ ವಿರೋಧ ಮಾಯವಾಗುವುದಿಲ್ಲ. ಶಾಮಿಯಾನದಿಂದ ಹೆದ್ದಾರಿಗೆ ಬರುತ್ತದೆ, ಕೋರ್ಟಿಗೆ ಹೋಗುತ್ತದೆ. ಅಷ್ಟರಲ್ಲಿ ದುಡ್ಡು ಸುರಿದಿರುತ್ತಾರೆ, ಹಿಂದೆ ಸರಿಯುವುದು ಎಲ್ಲರಿಗೂ ಕಷ್ಟ.

ಮಂಡ್ಯ, ಯಾದಗಿರಿಗೆ ಇದರ ಅರ್ಥ

ಮಂಡ್ಯ ಜಿಲ್ಲೆಯ ಮರ್ಲಗಲ್ಲ–ಅಲ್ಲಾಪಟ್ಟಣ ಪ್ರದೇಶದಲ್ಲಿ 1,600 ಟನ್ ಲಿಥಿಯಂ ಇದೆ ಎಂದು ಪರಮಾಣು ಖನಿಜ ನಿರ್ದೇಶನಾಲಯ ಅಂದಾಜು ಮಾಡಿದೆ. ಚಿಲಿಯ 90 ಲಕ್ಷ ಟನ್‌ಗೂ ಮೀರಿದ ನಿಕ್ಷೇಪದ ಮುಂದೆ ಇದು ತೀರಾ ಚಿಕ್ಕದು. ಶೋಧನೆಯೂ ಇನ್ನೂ ಪ್ರಾಥಮಿಕ ಹಂತದ್ದು. ಇಲ್ಲಿರುವುದು ಗಟ್ಟಿ ಕಲ್ಲಿನೊಳಗಿನ ಸ್ಪೊಡುಮಿನ್ ಎಂಬ ಲಿಥಿಯಂ ಖನಿಜ. ಇಂಥ ಕಲ್ಲು ಒಂದು ಟನ್ ಒಡೆದರೆ ಸಾಮಾನ್ಯವಾಗಿ ಸಿಗುವ ಲಿಥಿಯಂ ಕೆಲವೇ ಕಿಲೋ. ಪುಡಿ ಮಾಡಿ, ಸಾವಿರ ಡಿಗ್ರಿಗೂ ಮೀರಿ ಕಾಯಿಸಿ, ಸಲ್ಫ್ಯೂರಿಕ್ ಆಸಿಡ್ ಹಾಕಿ ಬೇರ್ಪಡಿಸಬೇಕು. ಉಳಿದ ಪುಡಿಯನ್ನು ಎಲ್ಲಿ ಹಾಕುತ್ತೀರಿ, ನೀರನ್ನು ಎಲ್ಲಿಂದ ತರುತ್ತೀರಿ ಅನ್ನುವ ಪ್ರಶ್ನೆ ಕಾವೇರಿ ಬಯಲಿನಲ್ಲಿ ಏಳದೆ ಇರದು. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ಇದೆ. ಅಲ್ಲಿನವರ ವಿರೋಧ ಹಳೆಯದು. ಅಲ್ಲಿ ಇನ್ನು ಮುಂದೆ ಹೊಸ ಗಣಿ ಪ್ರಸ್ತಾವ ಬಂದರೂ ಅಹವಾಲು ಸಭೆ ಕಡ್ಡಾಯ ಅಲ್ಲ.

ಕರ್ನಾಟಕಕ್ಕೆ ಇದರ ಹೊಡೆತ ಸ್ವಲ್ಪ ಜಾಸ್ತಿ. ನಮ್ಮಲ್ಲಿ ಸಂವಿಧಾನದ ಐದನೇ ಅನುಸೂಚಿಯ ಪ್ರದೇಶ, ಅಂದರೆ ಆದಿವಾಸಿಗಳಿಗೆ ವಿಶೇಷ ರಕ್ಷಣೆ ಇರುವ ಪ್ರದೇಶ, ಒಂದೂ ಇಲ್ಲ. ಹಾಗಾಗಿ ಆ ಪ್ರದೇಶಗಳ ಗ್ರಾಮಸಭೆಗೆ ಪೆಸಾ ಕಾಯ್ದೆ ಕೊಡುವ ಬಲ ಇಲ್ಲಿನ ಊರುಗಳಿಗಿಲ್ಲ. ಕಾಡಿನಂಚಿನಲ್ಲಿ ಅರಣ್ಯ ಹಕ್ಕು ಕಾಯ್ದೆ ಹಿಡಿದು ಮಾತಾಡಬಹುದು. ಹೊಲ, ಗೋಮಾಳದ ಊರಿಗೆ ಉಳಿದಿದ್ದ ದೊಡ್ಡ ಅವಕಾಶ ಅಹವಾಲು ಸಭೆಯೇ.

ಸದ್ಯಕ್ಕೆ ಇರುವ ದಾರಿಗಳು ಕಡಿಮೆ. ಗ್ರಾಮ ಪಂಚಾಯಿತಿಗಳು ಈಗಲೇ ನಿರ್ಣಯ ಮಾಡಿ ಜಿಲ್ಲಾಡಳಿತಕ್ಕೆ ಕಳಿಸಬಹುದು. ಅಧ್ಯಯನದ ವರದಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ರಾಜ್ಯ ಸರ್ಕಾರ ತಾನಾಗಿ ಊರುಗಳಲ್ಲಿ ಸಮಾಲೋಚನೆ ನಡೆಸಬಹುದು. ಜ್ಞಾಪನ ಸಭೆಯನ್ನು ಕಡ್ಡಾಯದಿಂದ ತೆಗೆದಿದೆಯೇ ಹೊರತು ಜನರ ಜತೆ ಮಾತಾಡಬೇಡಿ ಎಂದು ಹೇಳಿಲ್ಲ. ಅನುಮತಿ ಸಿಕ್ಕೇಬಿಟ್ಟರೆ ಚೆನ್ನೈನಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ ಮೇಲ್ಮನವಿ ಹೋಗಬಹುದು. ಅದಕ್ಕಿರುವ ಕಾಲಾವಧಿ 30 ದಿನ. ತಡವಾದದ್ದಕ್ಕೆ ಸರಿಯಾದ ಕಾರಣ ತೋರಿಸಿದರೆ ಮತ್ತೆ 60 ದಿನ ಸಿಗುತ್ತದೆ, ಅದರಾಚೆ ಅರ್ಜಿ ನಿಲ್ಲುವುದಿಲ್ಲ. ಅಹವಾಲು ಸಭೆಯ ಪ್ರಕಟಣೆಯೇ ಬರದ ಮೇಲೆ, ಅನುಮತಿ ಸಿಕ್ಕ ಸುದ್ದಿ ಊರಿಗೆ ಮುಟ್ಟುವ ಹೊತ್ತಿಗೆ ಆ ದಿನಗಳಲ್ಲಿ ಎಷ್ಟು ಉಳಿದಿರುತ್ತವೆ ಅನ್ನುವುದನ್ನು ಜಿಲ್ಲಾಡಳಿತ ಮತ್ತು ರಾಜ್ಯ ಸರ್ಕಾರ ಈಗಲೇ ಯೋಚಿಸಬೇಕು.